ಕನ್ನಡಕ ತೆಗೆದರೆ ಮಳೆ

ನಾನು ಕನ್ನಡಕ ತೆಗೆದರೆ ನ್ಯೂಯಾರ್ಕಿನಲ್ಲಿ ಜನ ಹಾಸಿಗೆಯಿಂದ ಎದ್ದು ಕೂರುತ್ತಿದ್ದರು. ಸಿಂಗಪುರದಲ್ಲಿ ಊಟಕ್ಕೆ ಕೂತವರು ಕೈ ತೊಳೆಯದೆ ಫೋನು ಹಿಡಿಯುತ್ತಿದ್ದರು. ಬಡಾಯಿ ಎನ್ನುವವರು ಎನ್ನಲಿ. ನಮ್ಮ ವೆಲ್‌ಕೋಂಬಿನಲ್ಲಿ ನನ್ನ ಮಾತನ್ನು ಯಾರೂ ಇಡಿಯಾಗಿ ನುಂಗುವುದಿಲ್ಲ. ಅರ್ಧ ಕಳೆದು, ಉಳಿದದ್ದರಲ್ಲಿ ಅರ್ಧ ನಂಬುತ್ತಾರೆ. ನೀವೂ ಹಾಗೇ ಕಳೆದುಕೊಂಡು ಓದಿ. ಉಳಿಯುವ ಕಾಲುಭಾಗವೇ ನಿದ್ದೆ ಕೆಡಿಸಲು ಸಾಕು. ನನ್ನದನ್ನಂತೂ ಕೆಡಿಸಿದೆ.

ನಾನು ಹೋರೇಸ್ ಪಿಂಕ್ನಿ. ಕಡಲ ತಡಿಯ ಈ ಊರಿನಲ್ಲಿ ಪ್ರತಿ ಜೂನಿನಲ್ಲಿ ಹುಲ್ಲಿನ ಅಂಕಣದ ಮೇಲೆ ಹೆಂಗಸರ ಟೆನಿಸ್ ಪಂದ್ಯಾವಳಿ ನಡೆಯುತ್ತದೆ. ಲಂಡನ್ನಿನ ದೊಡ್ಡ ಪಂದ್ಯಾವಳಿಗೆ ಮುಂಚೆ ಹುಲ್ಲಿಗೆ ಕಾಲು ಒಗ್ಗಿಸಿಕೊಳ್ಳಲು ಆಟಗಾರ್ತಿಯರು ಬರುವುದು ಇಲ್ಲಿಗೆ. ಮುಖ್ಯ ಅಂಕಣದ ಟಾರ್ಪಾಲು ತಂಡಕ್ಕೆ ನಾನು ಮುಖಂಡ. ಮಳೆ ಬಿತ್ತೋ, ಅಂಪೈರು ಕೈ ಎತ್ತಿದನೋ, ಎದ್ದು ಓಡಬೇಕು. ಇಬ್ಬರು ಬಲೆ ಬಿಚ್ಚುತ್ತಾರೆ, ಉಳಿದವರು ಹಗ್ಗವನ್ನು ಹೆಗಲಿಗೆ ಹಾಕಿ ಟಾರ್ಪಾಲನ್ನು ಈ ಅಂಚಿನಿಂದ ಆ ಅಂಚಿಗೆ ಎಳೆಯುತ್ತಾರೆ. ನಮ್ಮ ವೇಗ ನೋಡಿ ಮೋಡವೇ ನಾಚಿ ಫ್ರಾನ್ಸಿನ ಕಡೆ ತಿರುಗಿಕೊಂಡದ್ದುಂಟು.

ಹುಲ್ಲು ಒಮ್ಮೆ ನೆನೆಯಿತೆಂದರೆ ಸಾಬೂನು ಚೆಲ್ಲಿದ ಬಚ್ಚಲು. ಓಡುವವಳ ಪಾದ ಒಂದು ಕಡೆ ಹೋದರೆ ಮಂಡಿ ಇನ್ನೊಂದು ಕಡೆ. ತುಂತುರು ಹನಿಯುವಾಗ ಆಟ ನಿಲ್ಲಿಸಬೇಕೋ ಬೇಡವೋ ಎಂದು ತಿಳಿಯದೆ ಅಂಪೈರುಗಳು ಆ ಎತ್ತರದ ಕುರ್ಚಿಯಿಂದ ನನ್ನ ಕಡೆ ನೋಡುತ್ತಾರೆ. ನಾನು ಅಂಕಣದ ತುದಿಯ ಹಿಂಗೆರೆಯ ಆಚೆ ಹೋಗಿ, ಮಂಡಿಯೂರಿ, ಹುಲ್ಲಿನ ಮೇಲೆ ಅಂಗೈ ಒತ್ತುತ್ತೇನೆ. ತಲೆ ಆಡಿಸಿದರೆ ಆಟ. ಅಡ್ಡ ಆಡಿಸಿದರೆ ಟಾರ್ಪಾಲು. ನಿಯಮದ ಪುಸ್ತಕದಲ್ಲಿ ಇದು ಎಲ್ಲೂ ಇಲ್ಲ, ನಮ್ಮ ಕ್ಲಬ್ಬಿನ ಹಳೆಯ ರೂಢಿ ಅಷ್ಟೆ. ನನ್ನ ಈ ಅಂಗೈಯನ್ನು ವಸ್ತುಸಂಗ್ರಹಾಲಯದವರು ಕೇಳಿದ್ದಾರೆ, ನಾನು ಸತ್ತ ಮೇಲೆ ಕೊಡುತ್ತೇನೆ ಎಂದಿದ್ದೇನೆ.

ಮಳೆಯಲ್ಲಿ ಕನ್ನಡಕ ಹಾಕಿಕೊಂಡು ಓಡಿದರೆ ಗಾಜಿನ ಮೇಲೆ ಹನಿ ಕೂತು ದಾರಿ ಕಾಣುವುದಿಲ್ಲ. ಅದಕ್ಕೇ ಮೋಡದ ಬಣ್ಣ ಕೆಟ್ಟಿತು ಅನ್ನಿಸಿದ ಕೂಡಲೇ ಕನ್ನಡಕ ತೆಗೆದು ಅಂಗಿಯ ಜೇಬಿಗಿಟ್ಟು ಗುಂಡಿ ಹಾಕಿಬಿಡುತ್ತೇನೆ. ಎಷ್ಟೋ ವರ್ಷದ ಅಭ್ಯಾಸ, ನನ್ನನ್ನು ಕೇಳದೆ ಕೈ ತಾನಾಗಿ ಮಾಡುತ್ತದೆ.

ಇದನ್ನು ಜಗತ್ತು ನೋಡುತ್ತಿದೆ ಎಂದು ಹೇಳಿದವನು ಲಯೊನೆಲ್ ಕ್ರಿಪ್ಸ್. ನಮ್ಮ ತಂಡದವನೇ, ನಿವೃತ್ತ ಅಂಚೆಯವ. ಊರಿನ ಕಾಗದಗಳನ್ನೆಲ್ಲ ಒಡೆಯದೆಯೇ ಓದಿದ್ದೇನೆ ಎಂದು ಹೇಳಿಕೊಳ್ಳುವ ಪ್ರಾಣಿ. ಬಾಜಿಯ ಭಯಕ್ಕೆ ನಮ್ಮೆಲ್ಲರ ಫೋನುಗಳನ್ನು ಬೆಳಿಗ್ಗೆಯೇ ಕಚೇರಿಯ ಕಪಾಟಿನಲ್ಲಿ ಬೀಗ ಹಾಕಿಡುತ್ತಾರೆ, ಊಟದ ಹೊತ್ತಿಗೆ ಮಾತ್ರ ಕೈಗೆ ಸಿಗುತ್ತವೆ. ಆ ಗುರುವಾರ ಊಟದ ಹೊತ್ತಿನಲ್ಲಿ ಲಯೊನೆಲ್ ಸ್ಯಾಂಡ್‌ವಿಚ್ಚನ್ನು ಹಲ್ಲಲ್ಲಿ ಕಚ್ಚಿಕೊಂಡೇ ಫೋನನ್ನು ನನ್ನ ಮೂಗಿಗೆ ಹಿಡಿದ.

ಭವಿಷ್ಯ ಮಾರುವ ಸಂತೆಯಂತೆ ಅದು. ಜಗತ್ತಿನಲ್ಲಿ ಆಗಬಹುದಾದ ಎಲ್ಲದಕ್ಕೂ ಅಲ್ಲಿ ಎರಡು ಚೀಟಿ: ಒಂದು 'ಹೌದು', ಇನ್ನೊಂದು 'ಇಲ್ಲ'. ನಿಜವಾದ ಚೀಟಿಗೆ ಕೊನೆಯಲ್ಲಿ ಪೂರ್ತಿ ಬೆಲೆ, ಸುಳ್ಳಾದದ್ದು ಕಸ. ನಡುವೆ ಜನ ನಂಬಿದಷ್ಟು ಬೆಲೆ ಏರುತ್ತದೆ, ನಂಬಿಕೆ ಸಡಿಲಿದಷ್ಟು ಇಳಿಯುತ್ತದೆ. ಕೊನೆಯವರೆಗೆ ಕಾಯಲೇಬೇಕೆಂದಿಲ್ಲ, ನಡುವೆಯೇ ಮಾರಿ ಕೈ ತೊಳೆದುಕೊಳ್ಳಬಹುದು. ಯಾರು ಗೆಲ್ಲುತ್ತಾರೆ ಎನ್ನುವುದಕ್ಕೆ ಮಾತ್ರವಲ್ಲ, ಪಂದ್ಯ ಇವತ್ತೇ ಮುಗಿಯುತ್ತದಾ ಎನ್ನುವುದಕ್ಕೂ ಅಲ್ಲಿ ಚೀಟಿ ಇತ್ತು.

"ಈ ಗೆರೆ ನೋಡು ಪಿಂಕ್," ಅಂದ ಲಯೊನೆಲ್. "ಇದು 'ಇಲ್ಲ' ಚೀಟಿಯ ಬೆಲೆ. ಈ ಗುಡ್ಡ ಕಾಣ್ತಾ? ನೀನು ನಿನ್ನೆ ಕನ್ನಡಕ ತೆಗೆದದ್ದು. ಈ ಕಣಿವೆ, ವಾಪಸ್ ಹಾಕ್ಕೊಂಡದ್ದು. ನಿನ್ನ ಮೂತಿಗೆ ಇಷ್ಟು ಬೆಲೆ ಬರುತ್ತೆ ಅಂತ ನಿನ್ನ ಹೆತ್ತಮ್ಮನೂ ಅಂದ್ಕೊಂಡಿರಲ್ಲ ಕಣೋ."

ಟಿವಿ ನೋಡುವವರು, ಪ್ರೇಕ್ಷಕರ ನಡುವೆ ಕೂತವರು, ಎಲ್ಲರೂ ಆಟವನ್ನು ಬಿಟ್ಟು ನನ್ನನ್ನು ನೋಡುತ್ತಿದ್ದರಂತೆ. ಮಳೆ ಬರುವುದಕ್ಕೆ ಮುಂಚೆ, ಹವಾಮಾನ ಇಲಾಖೆಗೂ ಮುಂಚೆ, ಮುದುಕನ ಕನ್ನಡಕಕ್ಕೆ ಗೊತ್ತಾಗುತ್ತದೆ ಎಂದು ಅವರೊಳಗೆ ಮಾತಾಗಿತ್ತಂತೆ. ನನಗೆ 'ಕನ್ನಡಕದ ತಾತ' ಎಂದು ಹೆಸರಿಟ್ಟಿದ್ದರು.

ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ನಾನಂತೂ ಅವತ್ತು ಮಧ್ಯಾಹ್ನ, ಆಕಾಶ ತೊಳೆದಿಟ್ಟ ಪಿಂಗಾಣಿ ಬಟ್ಟಲಿನ ಹಾಗೆ ಇದ್ದಾಗ, ಕನ್ನಡಕ ತೆಗೆದು ಜೇಬಿಗಿಟ್ಟೆ. ಎದುರಿನ ಸಾಲುಗಳಲ್ಲಿ ಅರ್ಧ ಜನ ಬಗ್ಗಿ ಫೋನು ನೋಡಿದರು, ಗಾಳಿಗೆ ಗೋಧಿಯ ಹೊಲ ಬಾಗಿದ ಹಾಗೆ. ಮತ್ತೆ ಹಾಕಿಕೊಂಡೆ. ಮತ್ತೆ ಬಾಗಿದರು. ಆಮೇಲೆ ಇನ್ನೂ ಎರಡು ಸಲ. ಯಾವ ರಾಜನಿಗೂ ಅಷ್ಟು ಜನ ಅಷ್ಟು ಒಟ್ಟಿಗೆ ತಲೆ ಬಾಗಿಸಿಲ್ಲ.

ಸಂಜೆ ಇದನ್ನೆಲ್ಲ ವಿನ್ನಿಗೆ ಹೇಳಿದೆ. ವಿನ್ನಿ ನನ್ನ ಹೆಂಡತಿ. ಸೊಂಟದ ಮೂಳೆ ಬದಲಾಯಿಸಿದ ಮೇಲೆ ಕೋಲಿಲ್ಲದೆ ನಡೆಯಲಾರಳು. ಕಡಲ ಗೋಡೆಯ ಮೇಲೆ ಕಡಲು ನೋಡುತ್ತ ಕೂರಲು ಸಾಲಾಗಿ ಕಟ್ಟಿದ ಪುಟ್ಟ ಮರದ ಗೂಡುಗಳಲ್ಲಿ ನಮ್ಮದೂ ಒಂದಿದೆ, ಹಳದಿ ಬಾಗಿಲಿನದು. ಪಂದ್ಯಾವಳಿಯ ವಾರ ಪೂರ್ತಿ ಬೆಳಿಗ್ಗೆ ಅವಳನ್ನು ಅಲ್ಲಿ ಕೂರಿಸಿ ಬರುತ್ತೇನೆ, ಸಂಜೆ ಕರೆದುಕೊಂಡು ಹೋಗುತ್ತೇನೆ. ಚಹಾದ ಕೆಟಲು, ನೂಲಿನ ಉಂಡೆ, ಕಡಲು, ಇಷ್ಟಿದ್ದರೆ ಅವಳಿಗೆ ಸಾಕು. ಫೋನು ಇಟ್ಟುಕೊಳ್ಳುವುದಿಲ್ಲ. ಅದು ಕೂಗಿದರೆ ಹೆಣಿಗೆ ತಪ್ಪುತ್ತದಂತೆ.

ನನ್ನ ಪ್ರತಾಪ ಕೇಳಿ ಅವಳು ನಗಲಿಲ್ಲ. "ಅಷ್ಟೊಂದು ಜನ ನಿನ್ನನ್ನ ನೋಡ್ತಾರೆ ಅಂದ್ರೆ ನನಗೆ ಹೆದರಿಕೆ ಆಗುತ್ತೆ ಹೋರೇಸ್," ಅಂದಳು. "ನಿನ್ನಲ್ಲಿ ನೋಡೋಕೆ ಏನಿದೆ?"

ಮರುದಿನ, ಶುಕ್ರವಾರ, ಸೆಮಿಫೈನಲ್ಲು. ಒಂದು ಕಡೆ ಮಿರ್ಯಾನಾ ದ್ರೋಬಾಚ್, ಕ್ರೊಯೇಷಿಯಾದವಳು. ಆಟಗಾರ್ತಿಯ ಲೆಕ್ಕದಲ್ಲಿ ಅಜ್ಜಿಯೇ, ಬಲಗಾಲಿನ ಮಂಡಿಗೆ ಎರಡು ಸಲ ಕತ್ತರಿ ಬಿದ್ದಿದೆ, ಈಗ ತೊಡೆಯಿಂದ ಮೀನಖಂಡದವರೆಗೆ ಪಟ್ಟಿ. ಅಭ್ಯಾಸಕ್ಕೆ ಬಂದಾಗಲೆಲ್ಲ ನಮ್ಮ ಬೆಂಚಿನ ಮೇಲೆ ಬಾಳೆಹಣ್ಣು ಇಟ್ಟುಹೋಗುವವಳು. ಇನ್ನೊಂದು ಕಡೆ ಅಮೆರಿಕದ ಕೆಲ್ಸಿ ಹಾರ್ಗ್ರೋವ್. ಎಳೆಯ ಹುಡುಗಿ, ಅವಳ ಸರ್ವಿಗೆ ಸಿಕ್ಕ ಪಾರಿವಾಳ ಬೆಂದೇ ಕೆಳಗೆ ಬೀಳುತ್ತದೆ.

ಮೊದಲ ಸೆಟ್ ಕೆಲ್ಸಿಗೆ, ಎರಡನೆಯದು ಮಿರ್ಯಾನಾಗೆ. ಕಡಲಿನ ಮೇಲೆ ಸೀಸದ ಬಣ್ಣದ ಒಂದು ಮೋಡ ಬೆಳಗಿನಿಂದ ಅಲ್ಲೇ ಕೂತಿತ್ತು, ಬಾಡಿಗೆ ಕೊಡದೆ ಮಲಗಿದವನ ಹಾಗೆ. ಮೂರನೆಯ ಸೆಟ್ ಶುರುವಾಗುವ ಹೊತ್ತಿಗೆ ನನ್ನ ಬೆನ್ನ ಹಿಂದಿನ ಸಾಲಿನಿಂದ ಒಬ್ಬ ಮುಂದಕ್ಕೆ ಬಾಗಿದ. ಪೆಪ್ಪರ್‌ಮಿಂಟಿನ ವಾಸನೆ. ಕ್ಷೌರ ಮಾಡಿದ ನುಣ್ಣನೆಯ ಮುಖ, ಬ್ಯಾಂಕಿನಲ್ಲಿ ಸಾಲ ಇಲ್ಲ ಅನ್ನುವವರ ನಗು.

"ಯಜಮಾನ್ರೇ, ಹಿಂದೆ ತಿರುಗಬೇಡಿ. ಆಟ ನೋಡ್ತಾ ಇರಿ," ಅಂದ. "ನಿನ್ನೆ ಆಕಾಶ ತಿಳಿಯಾಗಿದ್ದಾಗ ಕನ್ನಡಕ ತೆಗೆದ್ರಲ್ಲ. ತಮಾಷೆಗಾ?"

ತಮಾಷೆಗೇ ಎಂದೆ. ನನ್ನ ಪ್ರಕಾರ ಅದು ಹೆಮ್ಮೆಯ ವಿಷಯವೇ ಆಗಿತ್ತು.

"ನಮ್ಮ ಕಡೆ ಕೆಲವರಿಗೆ ಅದು ತಮಾಷೆ ಅನ್ನಿಸಲಿಲ್ಲ. ತುಂಬ ಕಳ್ಕೊಂಡ್ರು." ಅವನ ಕೈ ನನ್ನ ಭುಜದ ಪಕ್ಕದಿಂದ ಬಂತು, ಅಂಗೈಯಲ್ಲಿ ಫೋನು. "ಸ್ವಲ್ಪ ಇದನ್ನ ನೋಡಿ."

ಹಳದಿ ಬಾಗಿಲು. ಬಾಗಿಲಿಗೆ ನೇತುಹಾಕಿದ ಕೋಲು. ವಿನ್ನಿ ಕೂತಿದ್ದಳು, ತೊಡೆಯ ಮೇಲೆ ನೂಲು. ಚಿತ್ರ ಅಂದುಕೊಂಡೆ. ಆಗ ಅವಳು ಹಣೆಗೆ ಬಿದ್ದ ಕೂದಲನ್ನು ಹಿಂದಕ್ಕೆ ತಳ್ಳಿದಳು. ಒಂದು ಕಡಲಹಕ್ಕಿ ಅವಳ ಮುಂದೆ ನಡೆದುಹೋಯಿತು. ಕೆಟಲಿನ ಹಬೆ ಗಾಳಿಗೆ ಬಾಗಿತು. ಅದು ಈಗ, ಈ ಕ್ಷಣ, ಅಲ್ಲಿ ಯಾರೋ ನಿಂತು ಹಿಡಿದು ತೋರಿಸುತ್ತಿದ್ದದ್ದು.

ಕರಡಿಯ ಜೊತೆ ಕುಸ್ತಿ ಮಾಡಿದ್ದೇನೆ ಎಂದು ಈ ಊರಿನ ಮಕ್ಕಳಿಗೆಲ್ಲ ಹೇಳಿದವನು ನಾನು. ಆ ಹೊತ್ತು ನನ್ನ ನಾಲಿಗೆ ಒಣಗಿದ ಚರ್ಮದ ಚೂರಾಗಿತ್ತು.

"ಪಾಪ, ಒಬ್ಬರೇ ಇದ್ದಾರೆ. ಎದ್ದು ಓಡೋದೂ ಕಷ್ಟ ಅಲ್ವಾ ಅವರಿಗೆ?" ಅಂದ ಅವನು, ನಿಜವಾಗಿ ಮರುಗುವವನ ಹಾಗೆ. ಬೇಡಿಕೆ ಸಣ್ಣದು ಎಂದೂ ಹೇಳಿದ. ಅವನೂ ಅವನ ಕಡೆಯವರೂ 'ಇಲ್ಲ' ಚೀಟಿ ಕೊಂಡಿದ್ದರು. ಪಂದ್ಯ ಇವತ್ತು ಮುಗಿಯಬಾರದು. ಮಳೆ ಬಂದಾಗ ನಾನು ಹಗ್ಗ ಹಿಡಿದು ಓಡುವಾಗ ಒಂದು ಸಲ ಎಡವಿ ಬಿದ್ದರೆ ಸಾಕು. ಟಾರ್ಪಾಲು ತಡವಾಗುತ್ತದೆ, ಹುಲ್ಲು ನೆನೆಯುತ್ತದೆ, ಆಟ ನಾಳೆಗೆ. ಯಾರಿಗೂ ನೋವಿಲ್ಲ. ಯಾರ ಹತ್ತಿರವಾದರೂ ಬಾಯಿಬಿಟ್ಟರೆ ಅವನಿಗೆ ತಿಳಿಯುತ್ತದೆ, ನನ್ನನ್ನು ನೋಡುತ್ತಿರುವವನು ಅವನೊಬ್ಬನೇ ಅಲ್ಲವಲ್ಲ ಎಂದ.

ಎಡವುವುದೇನು ಮಹಾ? ವಿನ್ನಿಗಾಗಿ ನಾನು ಕಡಲ ಬಂಡೆಯಿಂದ ತಲೆಕೆಳಗಾಗಿ ಬೀಳಬಲ್ಲೆ. ಆದರೆ ಎಡವಲು ಮಳೆ ಬರಬೇಕಲ್ಲ. ಆ ಹಾಳು ಮೋಡ ಕೂತಲ್ಲಿಂದ ಏಳಲೊಲ್ಲದು. ಮಿರ್ಯಾನಾ ಒಂದರ ಹಿಂದೆ ಒಂದು ಗೇಮು ಗೆಲ್ಲುತ್ತಿದ್ದಾಳೆ. ಪ್ರತಿ ಹೊಡೆತಕ್ಕೂ ಜನ ಚಪ್ಪಾಳೆ ತಟ್ಟುತ್ತಿದ್ದರೆ ನನಗೆ ಅದು ಹಳದಿ ಬಾಗಿಲನ್ನು ಯಾರೋ ತಟ್ಟಿದ ಹಾಗೆ ಕೇಳುತ್ತಿತ್ತು.

ತುಟಿ ಅಲುಗಿಸದೆ ಕೇಳಿದೆ, ಮಳೆ ಬರದಿದ್ದರೆ?

"ಬರೋ ಹಾಗೆ ನೋಡ್ಕೊಳ್ಳಿ. ನೀವು ಕನ್ನಡಕದ ತಾತ ಅಲ್ವಾ."

ಆಗ ಹೊಳೆಯಿತು ನನಗೆ. ಹೆದರಿದ ತಲೆಗೂ ಹೊಳೆಯುತ್ತದೆ, ಮುಳುಗುವವನಿಗೆ ಈಜು ಹೊಳೆದ ಹಾಗೆ. ಇವರಿಗೆ ಬೇಕಾದದ್ದು ಮಳೆಯಲ್ಲ, ಮಳೆಯ ಬೆಲೆ. 'ಇಲ್ಲ' ಚೀಟಿಯ ಬೆಲೆ ಮುಗಿಲಿಗೆ ಏರಿದರೆ ಆಗಲೇ ಮಾರಿಕೊಂಡು ಎದ್ದು ಹೋಗಬಹುದು, ವಿನ್ನಿಯ ಹತ್ತಿರ ನಿಂತವನೂ ಹೋಗುತ್ತಾನೆ. ಅದನ್ನೇ ಹೇಳಿದೆ. ಏರಿಸುತ್ತೇನೆ, ಮಾರಿಕೊಂಡು ನಮ್ಮನ್ನು ಬಿಡಿ. ಅವನು ಸ್ವಲ್ಪ ಹೊತ್ತು ಪೆಪ್ಪರ್‌ಮಿಂಟನ್ನು ಬಾಯಲ್ಲಿ ತಿರುಗಿಸಿ, ಆಗಲಿ ಎಂದ.

ನಾನು ಆಡಿದ ನಾಟಕವನ್ನು ರಾಣಿಯ ಮುಂದೆ ಆಡಿದ್ದರೆ ಬಿರುದು ಸಿಗುತ್ತಿತ್ತು. ಕನ್ನಡಕ ತೆಗೆದೆ, ಜೇಬಿಗಿಟ್ಟೆ, ಗುಂಡಿ ಹಾಕಿದೆ. ಎದ್ದು ನಿಂತು ಬೆರಳು ನೆಕ್ಕಿ ಗಾಳಿಗೆ ಹಿಡಿದೆ. ಮುಖವನ್ನು ಹೆಣ ಕಂಡವನ ಹಾಗೆ ಮಾಡಿಕೊಂಡೆ. ಅದಕ್ಕೆ ಶ್ರಮ ಬೇಕಾಗಲಿಲ್ಲ. ತಂಡಕ್ಕೆ ಸನ್ನೆ ಮಾಡಿದೆ, ಎಲ್ಲರೂ ಎದ್ದು ಹಗ್ಗದ ಮೇಲೆ ಕೈ ಇಟ್ಟರು. ಲಯೊನೆಲ್ ಪಿಸುಗುಟ್ಟಿದ, "ಲೇ, ಮೇಲೆ ಏನೂ ಇಲ್ಲವಲ್ಲೋ. ಬಿಸಿಲು ನೆತ್ತಿಗೇರಿತಾ?" ಹಗ್ಗ ಹಿಡಿ, ಬಾಯಿ ಮುಚ್ಚು ಎಂದೆ. ಆ ದನಿಯಲ್ಲಿ ನಾನು ಅವನ ಹತ್ತಿರ ಯಾವತ್ತೂ ಮಾತಾಡಿರಲಿಲ್ಲ. ಅವನು ನನ್ನ ಮುಖ ನೋಡಿ ಹಗ್ಗ ಬಿಗಿಹಿಡಿದ.

ಸಾಲುಗಳಲ್ಲಿ ಗುಜುಗುಜು. ಕೆಲವರು ಕೊಡೆ ಬಿಚ್ಚಿದರು, ನೀಲಿ ಆಕಾಶದ ಕೆಳಗೆ. ಅಂಪೈರು ಕುರ್ಚಿಯಲ್ಲಿ ಮಿಸುಕಾಡಿದ. ಬೆನ್ನ ಹಿಂದೆ ಬೆರಳು ಗಾಜಿನ ಮೇಲೆ ಟಕಟಕ ಬಡಿಯುತ್ತಿದ್ದದ್ದು ಕೇಳುತ್ತಿತ್ತು. ಆಮೇಲೆ ನಿಂತಿತು.

"ಭಲೇ ಯಜಮಾನ್ರೇ. ಮಾರಿದ್ವಿ," ಅಂದ.

ಕೂತುಕೊಂಡೆ. ಹಾಗಾದರೆ ನಿಮ್ಮವನನ್ನು ಅಲ್ಲಿಂದ ಕರೆಸಿಕೊಳ್ಳಿ ಎಂದೆ.

"ಅದೇ ಹೇಳೋಕೆ ಬಂದೆ." ದನಿ ಇನ್ನೂ ಮೆತ್ತಗಾಗಿತ್ತು. "ನೀವು 'ಇಲ್ಲ' ಅನ್ನೋದನ್ನ ಅಷ್ಟು ಮೇಲಕ್ಕೆ ಹಾಕಿದ್ರಲ್ಲ, 'ಹೌದು' ನೆಲಕ್ಕೆ ಬಿದ್ದಿತ್ತು. ಅಷ್ಟು ಅಗ್ಗಕ್ಕೆ ಸಿಕ್ಕಿದ್ದನ್ನ ಬಿಡೋಕಾಗುತ್ತಾ? ತಗೊಂಡ್ವಿ. ಈಗ ಪಂದ್ಯ ಇವತ್ತೇ ಮುಗೀಬೇಕು."

ಅವನು ಹೇಳಿ ಮುಗಿಸಲಿಲ್ಲ, ನನ್ನ ಮುಂಗೈ ಮೇಲೆ ಒಂದು ಹನಿ ಬಿತ್ತು.

ಬೆಳಗಿನಿಂದ ಮಲಗಿದ್ದ ಮೋಡ ನಾನು ನೋಡದ ಹೊತ್ತಿನಲ್ಲಿ ಎದ್ದು ಬಂದಿತ್ತು. ತಲೆಯ ಮೇಲೇ ನಿಂತಿತ್ತು. ತುಂತುರು, ಕಣ್ಣಿಗೆ ಕಾಣದಷ್ಟು ಸಣ್ಣದು, ಕಡಲಿನ ಉಪ್ಪು ಬೆರೆತದ್ದು. ಇಂಥ ತುಂತುರೇ ಹುಲ್ಲಿಗೆ ಎಲ್ಲಕ್ಕಿಂತ ಕೆಟ್ಟದ್ದು. ಮೇಲೆ ಏನೂ ಕಾಣುವುದಿಲ್ಲ, ಕೆಳಗೆ ಜಾರುತ್ತದೆ.

ಮಿರ್ಯಾನಾ ಐದು ಗೇಮು ಗೆದ್ದಿದ್ದಳು, ಕೆಲ್ಸಿ ಮೂರು. ಇನ್ನೊಂದೇ ಗೇಮು, ಸರ್ವ್ ಮಿರ್ಯಾನಾಳದು. ಅಂಪೈರು ಆಕಾಶ ನೋಡಿದ, ಆಮೇಲೆ ನನ್ನನ್ನು ನೋಡಿದ.

"ಒಣಗಿದೆ ಅನ್ನಿ," ಅಂತು ಹಿಂದಿನ ದನಿ. "ತಲೆ ಆಡಿಸಿದ್ರೆ ಆಯ್ತು. ಎರಡು ನಿಮಿಷದ ಕೆಲಸ. ನಿಮ್ಮವರು ಇನ್ನೂ ಹೊರಗೇ ಕೂತಿದ್ದಾರೆ, ನೆನೀತಾ ಇದ್ದಾರೆ."

ಬೆಂಚಿನಿಂದ ಹಿಂಗೆರೆಗೆ ನಾಲ್ಕು ಹೆಜ್ಜೆ ಇರಬಹುದು. ಅವತ್ತು ಅದು ಸ್ಕಾಟ್ಲೆಂಡಿಗೆ ನಡೆದಷ್ಟು ದೂರವಾಯಿತು. ಮಂಡಿಯೂರಿ ಅಂಗೈ ಒತ್ತಿದೆ. ತಣ್ಣಗಿತ್ತು. ಅಂಗೈ ಎತ್ತಿದರೆ ಗೆರೆಗಳಲ್ಲೆಲ್ಲ ನೀರು ಹೊಳೆಯಿತು.

ಮಿರ್ಯಾನಾ ಹತ್ತಿರ ಬಂದಳು. ಪಟ್ಟಿ ಕಟ್ಟಿದ ಮಂಡಿ ನನ್ನ ಕಣ್ಣಿನ ಎತ್ತರಕ್ಕೇ ಇತ್ತು, ಕನ್ನಡಕವಿಲ್ಲದ ಕಣ್ಣಿಗೂ ಕಾಣುವಷ್ಟು ಹತ್ತಿರ. ಪಟ್ಟಿಯ ಅಂಚಿನಲ್ಲಿ ಹಳೆಯ ಹೊಲಿಗೆಯ ಗುರುತು.

"ಹೇಗಿದೆ ಹೋರೇಸ್?" ಅಂದಳು. "ಇನ್ನು ಒಂದೇ ಗೇಮು. ಈಗ ನಿಲ್ಲಿಸಿದ್ರೆ ರಾತ್ರಿ ಇಡೀ ಈ ಕಾಲು ಬಿಗಿದುಕೊಳ್ಳುತ್ತೆ. ಆಡಿಬಿಡ್ಲಾ? ನೀನು ಹೂಂ ಅಂದ್ರೆ ಆಡ್ತೀನಿ."

ಎಲ್ಲರಿಗೂ ನನ್ನಿಂದ ಒಂದೇ ಮಾತು ಬೇಕಾಗಿತ್ತು. ಅವನಿಗೆ ಬೇಕು, ಇವಳಿಗೂ ಬೇಕು, ಕೆಳಗಿಳಿಯಲು ಸೋಮಾರಿತನವಿದ್ದ ಅಂಪೈರಿಗೂ ಬೇಕು. ನನ್ನ ಕಣ್ಣ ಮುಂದೆ ಹಳದಿ ಬಾಗಿಲು ತೆರೆಯುತ್ತಿತ್ತು, ಮುಚ್ಚುತ್ತಿತ್ತು. ತಲೆ ಆಡಿಸು ಮುದುಕಾ ಎಂದು ನನಗೆ ನಾನೇ ಹೇಳಿಕೊಂಡೆ. ಬದುಕಿನಲ್ಲಿ ಎಲ್ಲದರ ಬಗ್ಗೆಯೂ ಸುಳ್ಳು ಹೇಳಿದ್ದೇನೆ. ಯುದ್ಧದ ಬಗ್ಗೆ, ಮೀನಿನ ಬಗ್ಗೆ, ನನ್ನ ವಯಸ್ಸಿನ ಬಗ್ಗೆ. ಹುಲ್ಲಿನ ಬಗ್ಗೆ ಹೇಳಿ ಅಭ್ಯಾಸವಿರಲಿಲ್ಲ. ಅಷ್ಟೇ ಕಾರಣ. ಧೈರ್ಯ ಎಂದು ಬೇಕಾದರೆ ಬರೆದುಕೊಳ್ಳಿ, ನಾನು ಬೇಡವೆನ್ನುವುದಿಲ್ಲ. ಆದರೆ ಕತ್ತು ತಾನಾಗಿ ಅಡ್ಡಕ್ಕೆ ಆಡಿತು.

ಅಂಪೈರು ಕೈ ಎತ್ತಿದ. ಲಯೊನೆಲ್ ಕೂಗಿದ, ತಂಡ ಓಡಿತು, ನಾನೂ ಹಗ್ಗ ಹಿಡಿದೆ. ಟಾರ್ಪಾಲು ಆ ಅಂಚು ಮುಟ್ಟಿದ ಮರುಕ್ಷಣ ಆಕಾಶ ತೂತಾಯಿತು. ಕೊಡಗಳಲ್ಲಿ ಸುರಿದ ಹಾಗೆ. ಅಂಥ ಮಳೆ ನೋಹನ ಪ್ರಳಯದಿಂದ ಇತ್ತೀಚೆಗೆ ಬಿದ್ದಿರಲಿಲ್ಲ. ತಿರುಗಿ ನೋಡಿದೆ. ಮೊದಲ ಸಾಲಿನಲ್ಲಿ ಅವನು ಎದ್ದು ನಿಂತಿದ್ದ, ಮಳೆಯಲ್ಲಿ, ಕೊಡೆಯಿಲ್ಲದೆ. ನನ್ನ ಕಡೆ ನೋಡುತ್ತಲೇ ಫೋನನ್ನು ಕಿವಿಗಿಟ್ಟುಕೊಂಡ.

ಹಗ್ಗವನ್ನು ಲಯೊನೆಲ್‌ನ ಕೈಗೆ ತುರುಕಿ ಓಡಿದೆ.

ಗೇಟಿನವನು ತಡೆಯಲು ಬಂದ, ಅವನನ್ನು ಹಾದು ಓಡಿದೆ. ಕಡಲ ಗೋಡೆಯ ಮೇಲೆ ಓಡಿದೆ. ಅವತ್ತು ನಾನು ಒಂದು ಬಸ್ಸನ್ನು ಹಿಂದೆ ಹಾಕಿದೆ ಎಂದು ನೋಡಿದವರಿದ್ದಾರೆ. ಬಸ್ಸು ನಿಂತಿತ್ತು ಎಂದೂ ಅವರೇ ಹೇಳುತ್ತಾರೆ. ಅಲೆಗಳು ಗೋಡೆ ದಾಟಿ ಮುಖಕ್ಕೆ ಬಡಿಯುತ್ತಿದ್ದವು. ನಾನು ವಿನ್ನಿ, ವಿನ್ನಿ ಎಂದು ಕೂಗುತ್ತಿದ್ದೆನಂತೆ. ನನಗೆ ಕೇಳಿಸಿರಲಿಲ್ಲ.

ಬಾಗಿಲು ಮುಚ್ಚಿತ್ತು. ಹೊರಗೆ ಕೋಲು ಇರಲಿಲ್ಲ. ಅವಳು ಕೂರುವ ಮಡಚು ಕುರ್ಚಿ ಮಗುಚಿ ಬಿದ್ದಿತ್ತು, ನೂಲಿನ ಉಂಡೆ ಬಿಚ್ಚಿಕೊಂಡು ಮೆಟ್ಟಿಲಿನವರೆಗೆ ಉರುಳಿತ್ತು. ಬಾಗಿಲಿನ ಹಿಡಿಕೆ ಹಿಡಿದವನಿಗೆ ತಿರುಗಿಸಲು ಆಗಲಿಲ್ಲ. ಒಳಗೆ ನೋಡದೆ ಇದ್ದರೆ ಇನ್ನೂ ಏನೂ ಆಗಿರುವುದಿಲ್ಲ ಅನ್ನಿಸಿತು. ಅಷ್ಟರಲ್ಲಿ ಅದು ಒಳಗಿನಿಂದಲೇ ತೆರೆಯಿತು.

ತೆರೆದವನು ಒಬ್ಬ ಯುವಕ. ತಲೆಮುಸುಕಿನ ಅಂಗಿ, ತೊಟ್ಟಿಕ್ಕುವ ನೀರು, ಕೈಯಲ್ಲಿ ನಮ್ಮ ಮನೆಯ ಚಹಾದ ಲೋಟ. ಅವನ ಹಿಂದೆ, ಮೂಲೆಯಲ್ಲಿ, ಸ್ಟವ್ವಿನ ಪಕ್ಕದ ಸ್ಟೂಲಿನ ಮೇಲೆ ವಿನ್ನಿ.

"ಬಂದೆಯಾ?" ಅಂದಳು. "ನೋಡು, ನೀನು ಕಳಿಸಿದ ಹುಡುಗ ಎಷ್ಟು ಒಳ್ಳೆಯವನು. ಮಳೆ ಬಂದ ಕೂಡಲೇ ಓಡಿಬಂದು ನನ್ನನ್ನ ಒಳಗೆ ಕರ್ಕೊಂಡು ಬಂದ. ಅಷ್ಟು ಹೊತ್ತಿಂದ ಅಲ್ಲಿ ಎದುರಿಗೇ ನಿಂತಿದ್ದನಂತೆ, ಪಾಪ, ಬಾ ಅಂತ ಕರೀಬಾರದಿತ್ತಾ ನಾನು?"

ಯುವಕನ ಜೇಬಿನಲ್ಲಿ ಫೋನು ಅದುರಿತು. ಅವನು ತೆಗೆಯಲಿಲ್ಲ. ನಿಂತಿತು. ಮತ್ತೆ ಅದುರಿತು. ಆ ಗೂಡಿನಲ್ಲಿ ಮೂವರು ನಿಂತರೆ ಉಸಿರಿಗೆ ಜಾಗವಿಲ್ಲ. ಅವನ ಮೈಯ ಶಾಖ ನನಗೆ ತಾಗುತ್ತಿತ್ತು. ವಿನ್ನಿಗೂ ನನಗೂ ನಡುವೆ ಅವನು. ಬಿಸ್ಕತ್ತು ತಗೋಪ್ಪ ಎಂದು ವಿನ್ನಿ ಡಬ್ಬಿ ಹಿಡಿದಳು. ಅವನು ಒಂದು ತೆಗೆದುಕೊಂಡು, ಇನ್ನೊಂದು ಕೈಯಲ್ಲಿ ಫೋನನ್ನು ಕಿವಿಗಿಟ್ಟ. ಕೇಳಿದ. ತುಂಬ ಹೊತ್ತು ಕೇಳಿದ. ಕೇಳುತ್ತ ಮೊದಲು ಅವಳನ್ನು ನೋಡಿದ, ಆಮೇಲೆ ನನ್ನನ್ನು.

"ಇಲ್ಲ," ಅಂದ ಫೋನಿಗೆ. "ಗಂಡ ಬಂದಿದ್ದಾನೆ. ಹೂಂ. ಆಯ್ತು."

ಲೋಟವನ್ನು ಕೆಳಗಿಟ್ಟ. ಚಹಾ ಚೆನ್ನಾಗಿತ್ತು ಎಂದು ವಿನ್ನಿಗೆ ಹೇಳಿದ. ನನ್ನನ್ನು ದಾಟುವಾಗ ಭುಜ ಭುಜಕ್ಕೆ ಉಜ್ಜಿತು.

"ನಾಳೆ ಎಷ್ಟು ಹೊತ್ತಿಗೆ ಶುರು ತಾತ?" ಅಂದ.

ಅಂದೇ ಸಂಜೆ ವಿನ್ನಿಯನ್ನು ಕರೆದುಕೊಂಡೇ ಪಂದ್ಯಾವಳಿಯ ಮುಖ್ಯಸ್ಥೆ ಮಿಸೆಸ್ ಆಶ್‌ಡೌನ್ ಹತ್ತಿರ ಹೋದೆ. ಒಂದೂ ಬಿಡದೆ ಹೇಳಿದೆ. ಒಂದೂ ಸೇರಿಸಲಿಲ್ಲ, ಸೇರಿಸಲು ಏನೂ ಬೇಕಾಗಿರಲಿಲ್ಲ. ಆಕೆ ನನ್ನನ್ನು ನಂಬುವುದಿಲ್ಲ ಎಂಬ ಒಂದು ಸಣ್ಣ ಆಸೆ ನನಗಿತ್ತು. ನಂಬದಿದ್ದರೆ ಅದು ಅಷ್ಟು ದೊಡ್ಡದಲ್ಲ ಎಂದಾಗುತ್ತಿತ್ತಲ್ಲ. ಆಕೆ ಪೂರ್ತಿ ನಂಬಿದಳು, ಮುಖ ಬಿಳಿಚಿಕೊಂಡಿತು. ಎದ್ದು ಹೋಗಿ ಕಚೇರಿಯ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದಳು.

ಪೊಲೀಸರು ಬಂದು ಬರೆದುಕೊಂಡರು. ಆ ಆಸನದ ಟಿಕೆಟ್ಟನ್ನು ಯಾರದೋ ಸುಳ್ಳು ಹೆಸರಿನಲ್ಲಿ ಕೊಂಡಿದ್ದರು. ಶನಿವಾರ ಪಂದ್ಯ ಮುಂದುವರಿಯುವ ಹೊತ್ತಿಗೆ ನಮ್ಮ ಬೆಂಚಿನ ಸುತ್ತ ಹಸಿರು ಕ್ಯಾನ್ವಾಸಿನ ಗೋಡೆ ಎದ್ದಿತ್ತು, ತಲೆಗಿಂತ ಎತ್ತರ. ಹುಲ್ಲು ಮುಟ್ಟುವ ಕೆಲಸ ಇನ್ನು ಅಂಪೈರಿನದೇ, ತಂಡ ಓಡುವುದು ಲಯೊನೆಲ್‌ನ ಕೂಗಿಗೆ, ಆ ಗೋಡೆಯೊಳಗಿಂದ ನಾನು ಹೊರಬರಕೂಡದು ಎಂದು ಅಪ್ಪಣೆಯಾಯಿತು. ವಿನ್ನಿಯನ್ನು ಒಬ್ಬಳನ್ನೇ ಬಿಡುವುದಿಲ್ಲ ಎಂದೆ. ಅವಳಿಗೂ ಒಳಗೆ ಕುರ್ಚಿ ಹಾಕಿದರು. ತಂಡದವರು ಟಾರ್ಪಾಲಿನ ಹತ್ತಿರ ಕೂತರು, ಒಳಗೆ ನಾವಿಬ್ಬರೇ.

ಜಗತ್ತಿನಲ್ಲೇ ಅತಿ ಹೆಚ್ಚು ಜನ ನೋಡುತ್ತಿದ್ದ ಮುದುಕ, ಈಗ ಯಾರಿಗೂ ಕಾಣದವನಾದೆ. ನನಗೂ ಯಾರೂ ಕಾಣುತ್ತಿರಲಿಲ್ಲ. ಚೆಂಡಿನ ಸದ್ದು, ಅಂಪೈರಿನ ದನಿ, ಜನರ ಉಸಿರು, ಅಷ್ಟೇ. ಒಂದೇ ಗೇಮಿನಲ್ಲಿ ಮುಗಿಯಬೇಕಾದದ್ದು ಮುಗಿಯಲಿಲ್ಲ. ಮಿರ್ಯಾನಾ ಸರ್ವ್ ಕಳೆದುಕೊಂಡಳು. ಐದು, ನಾಲ್ಕು. ಆಮೇಲೆ ಐದೈದು. ಅವಳು ಓಡುವ ಸದ್ದಿನಲ್ಲಿ ಆ ಬಲಗಾಲು ಎಳೆಯುತ್ತಿದ್ದದ್ದು ನನಗೆ ಕೇಳುತ್ತಿತ್ತು. ರಾತ್ರಿ ಬಿಗಿದುಕೊಳ್ಳುತ್ತದೆ ಅಂದಿದ್ದಳಲ್ಲ. ಹೊರಗೆ ಯಾರಾದರೂ ಕೆಮ್ಮಿದರೆ ನಾನು ಬೆಂಚಿನಿಂದ ಒಂದು ಗೇಣು ಏಳುತ್ತಿದ್ದೆ. ಗಾಳಿಗೆ ಕ್ಯಾನ್ವಾಸು ಒಳಕ್ಕೆ ಉಬ್ಬಿದಾಗ ಯಾರೋ ಆಚೆಯಿಂದ ಅಂಗೈ ಒತ್ತಿ ನೋಡುತ್ತಿದ್ದಾರೆ ಅನ್ನಿಸುತ್ತಿತ್ತು. ವಿನ್ನಿ ಹೆಣೆಯುತ್ತಲೇ ಇದ್ದಳು, ಕಡ್ಡಿಗಳು ಟಿಕ್ ಟಿಕ್ ಎನ್ನುತ್ತಿದ್ದವು. ಅವಳ ಕೈ ನಡುಗುತ್ತಿಲ್ಲ ಎಂದು ನಾನು ನೋಡಿ ನೋಡಿ ಧೈರ್ಯ ತಂದುಕೊಳ್ಳುತ್ತಿದ್ದೆ. ಆಮೇಲೆ ಗಮನಿಸಿದೆ, ಕಡ್ಡಿಗಳಲ್ಲಿ ನೂಲೇ ಇರಲಿಲ್ಲ.

ಕ್ಯಾನ್ವಾಸಿಗೂ ನೆಲಕ್ಕೂ ನಡುವೆ ಒಂದು ಗೇಣು ಸಂದಿ ಇತ್ತು. ಅಲ್ಲಿ ಒಂದು ಜೊತೆ ಬೂಟು ಬಂದು ನಿಂತಿತು.

ಕಂದು ಬಣ್ಣದ್ದು, ಚೆನ್ನಾಗಿ ಹೊಳಪು ಹಾಕಿದ್ದು. ಅವನ ಮುಖ ನನಗೆ ಗೊತ್ತಿತ್ತು, ದನಿ ಗೊತ್ತಿತ್ತು, ಉಸಿರಿನ ವಾಸನೆ ಕೂಡ ಗೊತ್ತಿತ್ತು. ಕಾಲಿಗೆ ಏನು ಹಾಕಿದ್ದ ಎಂದು ನಾನು ನೋಡಿರಲಿಲ್ಲ. ಕಾವಲಿಗೆ ಬಂದ ಪೊಲೀಸನಿರಬಹುದು, ನೆರಳು ಹುಡುಕಿ ಬಂದ ಪ್ರೇಕ್ಷಕನಿರಬಹುದು. ವಿನ್ನಿಯೂ ನೋಡಿದಳು. ಕಡ್ಡಿಗಳು ನಿಂತವು.

ಆ ಹೊತ್ತಿಗೆ ಸರಿಯಾಗಿ ಹೊರಗೆ ಭೂಮಿ ಬಿರಿದ ಹಾಗೆ ಕೂಗು ಎದ್ದಿತು. ಪಂದ್ಯ ಮುಗಿದಿತ್ತು. ಸಾವಿರಾರು ಕಾಲುಗಳು ಹಲಗೆಗಳ ಮೇಲೆ ಕುಣಿದವು, ನಮ್ಮ ಬೆಂಚು ಅದುರಿತು. ಆ ಎರಡು ಬೂಟು ಮಾತ್ರ ಅಲುಗಲಿಲ್ಲ.

"ಯಾರು ಗೆದ್ರು?" ವಿನ್ನಿ ತುಟಿಯಲ್ಲೇ ಕೇಳಿದಳು. ನನಗೆ ಗೊತ್ತಿರಲಿಲ್ಲ. ತಿಳಿದುಕೊಳ್ಳುವ ಆಸೆಯೂ ಇರಲಿಲ್ಲ. ಬೂಟುಗಳ ಮೂತಿ ನಿಧಾನಕ್ಕೆ ನಮ್ಮ ಕಡೆ ತಿರುಗಿತು, ಹಾಗೇ ನಿಂತಿತು. ನಾನು ವಿನ್ನಿಯ ಕುರ್ಚಿಗೂ ಕ್ಯಾನ್ವಾಸಿಗೂ ನಡುವೆ ಬಂದು ಕೂತೆ. ಅಷ್ಟು ಮಾಡಿದೆ. ಅದಕ್ಕಿಂತ ಹೆಚ್ಚು ಮಾಡಿದೆ ಎಂದು ಎಲ್ಲೂ ಹೇಳಿಕೊಂಡಿಲ್ಲ.

ಎಷ್ಟು ಹೊತ್ತು ಎಂದು ತಿಳಿಯದು, ಬೂಟುಗಳು ಹೊರಟುಹೋದವು. ಜನರೂ ಹೋದರು. ಹೊರಗೆ ಬಲೆ ಬಿಚ್ಚುವ ಸದ್ದು, ಯಾರೋ ಶಿಳ್ಳೆ ಹಾಕುತ್ತ ಕಸ ಗುಡಿಸುವ ಸದ್ದು. ಆಮೇಲೆ ಕ್ಯಾನ್ವಾಸಿನ ಆಚೆಯಿಂದ ಲಯೊನೆಲ್ ಕರೆದ, "ಪಿಂಕ್, ಎಲ್ಲ ಮುಗೀತು ಕಣೋ, ಹೊರಗೆ ಬನ್ನಿ."

ಅವನದೇ ದನಿ ಎಂದು ಇಬ್ಬರಿಗೂ ಗೊತ್ತಿತ್ತು, ಅವನ ಪಕ್ಕದಲ್ಲಿ ಯಾರು ನಿಂತಿದ್ದಾರೆ ಎಂದು ಗೊತ್ತಿರಲಿಲ್ಲ. ನಾನು ಓಗೊಡಲು ಬಾಯಿ ತೆರೆದೆ. ವಿನ್ನಿ ಅದರ ಮೇಲೆ ಕೈ ಇಟ್ಟಳು.